ಹಾಸ್ಟೆಲ್ ಮಕ್ಕಳ ತಟ್ಟೆಯಿಂದ ಸೋಯಾ ವಡಿ ತೆಗೆಯಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನನ್ನ ತಂಗಿಯ ಮೊಮ್ಮಗಳು ಹಾಸ್ಟೆಲ್‌ನಿಂದ ಫೋನ್ ಮಾಡಿದ್ದಳು. ಪಿಯುಸಿ ಮೊದಲನೇ ವರ್ಷ ಓದುತ್ತಿದ್ದಾಳೆ. ಊಟ ಹೇಗಿದೆ ಅಂತ ಕೇಳಿದೆ. "ಬುಧವಾರದ್ದು ವಡಿ ಪಲ್ಯ ಬಂದ್ ಆಗ್ಯಾದ ಮುತ್ಯಾ" ಅಂದಳು. ಯಾಕವ್ವಾ ಅಂದೆ. "ಅದು ಪ್ಲಾಸ್ಟಿಕ್ ಅಂತ. ಮೊಬೈಲ್‌ದಾಗ ವಿಡಿಯೋ ಬಂದಾದ. ಸುಟ್ಟು ತೋರ್ಸ್ಯಾರ" ಅಂದಳು. ಆ ವಿಡಿಯೋ ನೋಡಿದ ಮೇಲೆ ಹುಡುಗಿಯರೆಲ್ಲ ವಡಿ ಆರಿಸಿ ತಟ್ಟೆಯ ಅಂಚಿಗೆ ಇಟ್ಟರಂತೆ. ಮೂರು ವಾರ ಹೀಗೇ ಆಯಿತು. ನಾಲ್ಕನೇ ವಾರ ಅಡುಗೆಯವರು ಮಾಡುವುದನ್ನೇ ನಿಲ್ಲಿಸಿದರು. ಅದರ ಬದಲು ಏನು ಕೊಡ್ತಾರೆ ಅಂದರೆ ಅನ್ನ, ತಿಳಿ ಸಾರು, ಆಲೂಗಡ್ಡೆ ಪಲ್ಯ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಆ ವಡಿ ಮಾಡುವುದೇ ನನ್ನ ಕೆಲಸವಾಗಿತ್ತು. ನಾನು ಐಟಿಐ ಫಿಟ್ಟರ್. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. 1993ರಲ್ಲಿ ಗಡಿ ದಾಟಿ ಲಾತೂರ್ ಹತ್ತಿರದ ಒಂದು ಸೋಯಾ ಕಾರ್ಖಾನೆ ಸೇರಿದೆ. ಮೊದಲು ಎರಡು ವರ್ಷ ಬಾಯ್ಲರ್ ಹತ್ತಿರ. ಆಮೇಲೆ ಎಕ್ಸ್‌ಟ್ರೂಡರ್ ಮೇಲೆ, ಅಂದರೆ ಹಿಟ್ಟನ್ನು ಬಿಸಿ ಮಾಡಿ ಒತ್ತಿ ವಡಿ ತೆಗೆಯುವ ಯಂತ್ರದ ಮೇಲೆ ಹಾಕಿದರು. 2020ರಲ್ಲಿ ಕೆಲಸ ಬಿಡುವ ತನಕ ಆ ಯಂತ್ರದ ಮುಂದೆಯೇ ನಿಂತಿದ್ದೆ. ನಾವು ಅದನ್ನು ವಡಿ ಅಂತಿದ್ದೆವು. ಪ್ಯಾಕೆಟ್ ಮೇಲೆ ಸೋಯಾ ಚಂಕ್ಸ್ ಅಂತ ಇರುತ್ತದೆ. ಬೆಂಗಳೂರು, ಮೈಸೂರು ಕಡೆ ಮೀಲ್ ಮೇಕರ್ ಅನ್ನುತ್ತಾರೆ. ಎಲ್ಲ ಒಂದೇ.

ಇಷ್ಟು ವರ್ಷ ಮಾಡಿದ ಪದಾರ್ಥವನ್ನು ನಮ್ಮ ಮನೆಯ ಮಗುವೇ ಪ್ಲಾಸ್ಟಿಕ್ ಅಂದರೆ ಸುಮ್ನೆ ಇರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಆ ಸುಡುವ ವಿಷಯ. ಮರುದಿನ ಬೆಳಿಗ್ಗೆ ನಾನೂ ಒಂದು ವಡಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಹಿಡಿದೆ. ಕಪ್ಪಾಯಿತು. ಹೊಗೆ ಬಂತು. ಕೂದಲು ಸುಟ್ಟ ವಾಸನೆ ಬಂತು. ಈ ವಾಸನೆಗೇ ಜನ ಹೆದರುವುದು. ಆದರೆ ಕೂದಲು ಅಂದರೇನು? ಅದೂ ಪ್ರೋಟೀನೇ. ಉಗುರು, ಉಣ್ಣೆ, ಕೋಳಿ ಪುಕ್ಕ ಯಾವುದನ್ನು ಸುಟ್ಟರೂ ಇದೇ ವಾಸನೆ. ಪ್ರೋಟೀನ್ ಜಾಸ್ತಿ ಇರುವ ಪದಾರ್ಥ ಸುಟ್ಟರೆ ಬರುವುದೇ ಹಾಗೆ. ಪಕ್ಕದಲ್ಲೇ ಒಂದು ಹಾಲಿನ ಪಾಕೀಟಿನ ತುಂಡು ಹಿಡಿದು ನೋಡಿದೆ. ಅದು ಮೊದಲು ಮುದುಡಿತು, ಕರಗಿತು, ಹನಿ ಹನಿಯಾಗಿ ತೊಟ್ಟಿಕ್ಕಿತು. ವಡಿ ಕರಗಲೂ ಇಲ್ಲ, ತೊಟ್ಟಿಕ್ಕಲೂ ಇಲ್ಲ. ಇದ್ದಿಲಾಯಿತು. ಬೆರಳಿನಿಂದ ಒತ್ತಿದರೆ ಪುಡಿಯಾಯಿತು. ವಿಡಿಯೋ ಮಾಡಿದವರು ಈ ಎರಡನೇ ಭಾಗವನ್ನು ತೋರಿಸುವುದಿಲ್ಲ.

ಇನ್ನೊಂದು ಅನುಮಾನ ರಬ್ಬರಿನದು. ನೆನೆದ ವಡಿಯನ್ನು ಒತ್ತಿ ಬಿಟ್ಟರೆ ಮತ್ತೆ ಉಬ್ಬುತ್ತದೆ, ಎಳೆದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಕಾಳಿನಿಂದ ಮಾಡಿದ್ದು ಹೀಗೆ ಹೇಗೆ ಆಗುತ್ತದೆ ಅಂತ ಜನ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ ಅದು. ಯಂತ್ರದ ಹತ್ತಿರ ಬಂದ ಮೊದಲ ವಾರ ನಾನೂ ಅದನ್ನೇ ಕೇಳಿದ್ದೆ. ಹಿಟ್ಟು ಒಳಗೆ ಹೋಗುತ್ತದೆ, ಆ ಕಡೆಯಿಂದ ಮಾಂಸದ ಹಾಗೆ ಎಳೆ ಇರುವ ತುಂಡು ಬರುತ್ತದೆ. ನಡುವೆ ಏನಾಯಿತು? ನಮ್ಮ ಪ್ರಯೋಗಾಲಯದಲ್ಲಿ ಒಬ್ಬ ಹಿರಿಯರಿದ್ದರು, ಮರಾಠಿಯವರು. ಅವರು ಒಂದು ನೂಲಿನ ಉಂಡೆ ತಂದು ಮೇಜಿನ ಮೇಲಿಟ್ಟು ನನಗೆ ಹೇಳಿಕೊಟ್ಟರು. ಇವತ್ತಿಗೂ ಯಾರಿಗಾದರೂ ಹೇಳುವಾಗ ನಾನು ಅದನ್ನೇ ಹೇಳುತ್ತೇನೆ.

ಪ್ರೋಟೀನ್ ಅಂದರೆ ಉದ್ದನೆಯ ದಾರ. ಪ್ರಾಣಿಗಳ ಮಾಂಸಖಂಡದಲ್ಲಿ ಈ ದಾರಗಳು ಹಗ್ಗ ಹೊಸೆದ ಹಾಗೆ ಸಾಲಾಗಿ ಇರುತ್ತವೆ. ಯಾಕೆಂದರೆ ಅಲ್ಲಿ ಅವುಗಳ ಕೆಲಸವೇ ಎಳೆಯುವುದು, ಸಡಿಲ ಬಿಡುವುದು. ಕಾಳಿನಲ್ಲಿ ಆ ಕೆಲಸ ಇಲ್ಲ. ಕಾಳಿನಲ್ಲಿರುವ ಪ್ರೋಟೀನ್ ಮುಂದೆ ಹುಟ್ಟುವ ಸಸಿಗೆ ಕಟ್ಟಿಟ್ಟ ಬುತ್ತಿ. ಕಡಿಮೆ ಜಾಗದಲ್ಲಿ ಜಾಸ್ತಿ ತುಂಬಬೇಕು. ಅದಕ್ಕೇ ಪ್ರತಿ ದಾರವೂ ಸುತ್ತಿಕೊಂಡು ಉಂಡೆಯಾಗಿರುತ್ತದೆ. ಸೋಯಾದಲ್ಲಿ ಮುಖ್ಯವಾಗಿ ಎರಡು ಬಗೆಯ ಉಂಡೆಗಳಿವೆ. ಒಂದರ ಹೆಸರು ಗ್ಲೈಸಿನಿನ್, ಇನ್ನೊಂದು ಬೀಟಾ ಕಾಂಗ್ಲೈಸಿನಿನ್. ಹೆಸರು ಮರೆತರೂ ಪರವಾಗಿಲ್ಲ. ಉಂಡೆ ಅನ್ನುವುದು ನೆನಪಿದ್ದರೆ ಸಾಕು.

ಈ ಉಂಡೆಯನ್ನು ಬಿಡಿಸಬೇಕು, ದಾರಗಳನ್ನು ಒಂದೇ ದಿಕ್ಕಿಗೆ ಎಳೆಯಬೇಕು, ಎಳೆದ ಸ್ಥಿತಿಯಲ್ಲೇ ಒಂದಕ್ಕೊಂದು ಗಂಟು ಬೀಳುವಂತೆ ಮಾಡಬೇಕು. ವಡಿಯ ಗುಟ್ಟು ಇಷ್ಟೇ. ಇದರಲ್ಲಿ ಅರ್ಧ ಕೆಲಸ ನಮ್ಮ ತಾಯಂದಿರು ಅಡುಗೆಮನೆಯಲ್ಲಿ ದಿನಾ ಮಾಡುತ್ತಾರೆ. ಮೊಟ್ಟೆಯ ಬಿಳಿ ಭಾಗ ನೀರಿನ ಹಾಗಿರುತ್ತದೆ. ಅದರಲ್ಲಿರುವುದೂ ಇಂಥ ಉಂಡೆಗಳೇ. ಬಿಸಿ ತಾಗಿದರೆ ಉಂಡೆ ಬಿಚ್ಚಿ, ದಾರಗಳು ಒಂದಕ್ಕೊಂದು ತೊಡಕಿಕೊಂಡು ಗಟ್ಟಿಯಾಗುತ್ತದೆ. ಆದರೆ ಅಲ್ಲಿ ಯಾರೂ ಎಳೆಯುವುದಿಲ್ಲ. ಅದಕ್ಕೇ ಬೆಂದ ಮೊಟ್ಟೆಯಲ್ಲಿ ಎಳೆ ಇರುವುದಿಲ್ಲ. ಇನ್ನು ಚಪಾತಿ ಹಿಟ್ಟು. ಚೆನ್ನಾಗಿ ನಾದಿದ ಗೋಧಿ ಹಿಟ್ಟಿನ ಒಂದು ಉಂಡೆಯನ್ನು ನೀರಿನೊಳಗೆ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ನಾಲ್ಕೈದು ಸಲ ನೀರು ಬದಲಿಸಿ ತೊಳೆದರೆ ಕೈಯಲ್ಲಿ ಜಿಗುಟಾದ ಒಂದು ಮುದ್ದೆ ಉಳಿಯುತ್ತದೆ. ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಅಪ್ಪಟ ರಬ್ಬರಿನ ಹಾಗೆ. ಅದು ಗೋಧಿಯ ಪ್ರೋಟೀನ್. ನಾವು ಹುಟ್ಟಿದಾಗಿನಿಂದ ಚಪಾತಿಯಲ್ಲಿ ಅದನ್ನೇ ತಿನ್ನುತ್ತಿದ್ದೇವೆ. ಅದನ್ನು ಯಾರೂ ಪ್ಲಾಸ್ಟಿಕ್ ಅನ್ನಲಿಲ್ಲ, ಅಲ್ವಾ?

ಈಗ ಯಂತ್ರಕ್ಕೆ ಬರುತ್ತೇನೆ.

ನಮ್ಮ ಹೊಲದ ಸೋಯಾಬೀನ್‌ನಲ್ಲಿ ನೂರಕ್ಕೆ ಹದಿನೆಂಟು ಇಪ್ಪತ್ತು ಭಾಗ ಎಣ್ಣೆ, ನಲವತ್ತರ ಹತ್ತಿರ ಪ್ರೋಟೀನ್. ಕಾರ್ಖಾನೆಗೆ ಮೊದಲು ಬೇಕಾದದ್ದು ಎಣ್ಣೆ. ಕಾಳನ್ನು ಒಡೆದು, ಸಿಪ್ಪೆ ತೆಗೆದು, ಅವಲಕ್ಕಿಯ ಹಾಗೆ ತೆಳ್ಳಗೆ ಒತ್ತುತ್ತಾರೆ. ಅದನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಬಿಸಿ ಕೊಟ್ಟು ಹೆಕ್ಸೇನ್ ಹಾರಿಸುತ್ತಾರೆ. ಅದು 69 ಡಿಗ್ರಿಯಲ್ಲೇ ಕುದಿಯುವ ವಸ್ತು, ಬೇಗ ಹೋಗುತ್ತದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ರಿಫೈನ್ಡ್ ಸೋಯಾ ಎಣ್ಣೆ ಕೊಳ್ಳುವ ಮನೆಗಳಿಗೂ ಈ ದಾರಿಯಲ್ಲಿ ಬಂದ ಎಣ್ಣೆಯೇ ಹೆಚ್ಚಾಗಿ ಬರುತ್ತದೆ. ಎಣ್ಣೆ ಹೋದ ಮೇಲೆ ಉಳಿದ ಹಿಂಡಿಯಲ್ಲಿ ಅರ್ಧದಷ್ಟು ಪ್ರೋಟೀನ್. ಇದರ ಬಹುಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಮನುಷ್ಯರು ತಿನ್ನುವಂಥದ್ದನ್ನು ಬೇರೆಯಾಗಿ, ಶುದ್ಧವಾಗಿ, ಕಡಿಮೆ ಬಿಸಿಯಲ್ಲಿ ಒಣಗಿಸಿ ಹಿಟ್ಟು ಮಾಡುತ್ತಾರೆ.

ಕಡಿಮೆ ಬಿಸಿ ಅಂದೆನಲ್ಲ, ಅದು ಬಹಳ ಮುಖ್ಯ. ಹಿಟ್ಟಿನ ಪ್ರೋಟೀನ್ ಎಷ್ಟು ಭಾಗ ನೀರಿನಲ್ಲಿ ಹರಡಿಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇದೆ. ನಾವು ಪಿಡಿಐ ಅನ್ನುತ್ತಿದ್ದೆವು. 60, 70ರ ನಡುವೆ ಇದ್ದರೆ ಅವತ್ತು ಯಂತ್ರ ಸಲೀಸು. ಒಂದು ಸಲ ರಾತ್ರಿ ಪಾಳಿಯಲ್ಲಿ ಬೇರೆ ಕಡೆಯಿಂದ ಬಂದ ಹಿಟ್ಟು ಹಾಕಿದೆವು. ನೋಡಲು ಚೆನ್ನಾಗಿತ್ತು, ಸ್ವಲ್ಪ ಕೆಂಪಗಿತ್ತು ಅಷ್ಟೆ. ಬೆಳಗಿನ ನಾಲ್ಕರ ತನಕ ಒದ್ದಾಡಿದೆ. ನೀರು ಹೆಚ್ಚಿಸಿದೆ, ಕಡಿಮೆ ಮಾಡಿದೆ, ಬಿಸಿ ಏರಿಸಿದೆ. ಹೊರಗೆ ಬರುವುದು ಬರೀ ಮರಳು ಮರಳು ಪುಡಿ. ಒಂದು ಎಳೆ ಕೂಡ ಬರಲಿಲ್ಲ. ಬೆಳಿಗ್ಗೆ ಪ್ರಯೋಗಾಲಯದ ಹಿರಿಯರು ಬಂದು ಹಿಟ್ಟನ್ನು ಮೂಸಿ ನೋಡಿ ಒಂದೇ ಮಾತು ಹೇಳಿದರು. ಬೇಯಿಸಿದ ಮೊಟ್ಟೆಯಿಂದ ಆಮ್ಲೆಟ್ ಮಾಡಲು ಹೊರಟಿದ್ದೀಯಲ್ಲೋ ಅಂತ. ಹಿಟ್ಟು ಮೊದಲೇ ಹುರಿದು ಹೋಗಿತ್ತು. ಉಂಡೆಗಳೆಲ್ಲ ಆಗಲೇ ಬಿಚ್ಚಿ ಗಂಟು ಬಿದ್ದಾಗಿತ್ತು. ಇನ್ನೊಮ್ಮೆ ಬಿಡಿಸಲು ಬರುವುದಿಲ್ಲ. ಆ ರಾತ್ರಿಯದ್ದೆಲ್ಲ ದನದ ಮೇವಿಗೆ ಹೋಯಿತು. ಪ್ಲಾಸ್ಟಿಕ್ ಆಗಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಮಾಮೂಲಿ ಪ್ಲಾಸ್ಟಿಕ್ಕನ್ನು ಮತ್ತೆ ಮತ್ತೆ ಕರಗಿಸಬಹುದು.

ಹಿಟ್ಟಿಗೆ ನೀರು ಮತ್ತು ಹಬೆ ಕೊಟ್ಟು ಮೆತ್ತಗೆ ಮಾಡುತ್ತೇವೆ. ತೇವ ನೂರಕ್ಕೆ ಇಪ್ಪತ್ತರಿಂದ ಮೂವತ್ತರ ಆಸುಪಾಸು, ಕಡುಬಿನ ಹಿಟ್ಟಿಗಿಂತ ಒಣ. ಅದು ಉಕ್ಕಿನ ಕೊಳವೆಯೊಳಗೆ ಬೀಳುತ್ತದೆ. ಕೊಳವೆಯ ಒಳಗೆ ಕಬ್ಬಿಣದ ಉದ್ದ ತಿರುಪು ಸುತ್ತುತ್ತಿರುತ್ತದೆ. ತಿರುಪು ಹಿಟ್ಟನ್ನು ಮುಂದಕ್ಕೆ ತಳ್ಳುತ್ತದೆ, ತಿಕ್ಕುತ್ತದೆ, ಹಿಂಡುತ್ತದೆ. ಮುಂದೆ ಹೋದ ಹಾಗೆ ಜಾಗ ಕಡಿಮೆ, ಒತ್ತಡ ಜಾಸ್ತಿ, ಬಿಸಿ ಜಾಸ್ತಿ. ಕೊನೆಗೆ 140, 150 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಹಿಟ್ಟು ಹಿಟ್ಟಾಗಿ ಉಳಿದಿರುವುದಿಲ್ಲ. ಕರಗಿದ ಬೆಲ್ಲದ ಪಾಕದ ಹಾಗೆ ದಪ್ಪಗೆ ಹರಿಯುತ್ತದೆ. ಉಂಡೆಗಳು ಬಿಚ್ಚಿಕೊಂಡಿರುತ್ತವೆ. ಹರಿಯುವ ದಿಕ್ಕಿಗೆ ದಾರಗಳು ತಿರುಗುತ್ತವೆ, ಹೊಳೆಯಲ್ಲಿ ಹುಲ್ಲು ನೀರಿನ ದಿಕ್ಕಿಗೆ ಮಲಗಿದ ಹಾಗೆ. ಕೊಳವೆಯ ಬಾಯಿಯಿಂದ ಹೊರಬಂದ ಕ್ಷಣ ಒತ್ತಡ ಇಳಿದು ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಹಾರುತ್ತದೆ. ಅದಕ್ಕೇ ವಡಿ ಉಬ್ಬುತ್ತದೆ, ಒಳಗೆಲ್ಲ ತೂತು ತೂತಾಗುತ್ತದೆ. ಬಿಸಿ ಇಳಿಯುತ್ತಿದ್ದಂತೆ ದಾರಗಳ ನಡುವಿನ ಗಂಟು ಗಟ್ಟಿಯಾಗುತ್ತದೆ. ಬಾಯಿಯಲ್ಲೇ ಸುತ್ತುವ ಬ್ಲೇಡು ತುಂಡು ಮಾಡುತ್ತದೆ. ಹಿಟ್ಟು ಒಳಗೆ ಹೋಗಿ ವಡಿಯಾಗಿ ಬರಲು ಒಂದು ನಿಮಿಷ ಸಾಕು. ಆಮೇಲೆ ಒಣಗಿಸುವುದು.

ಅಷ್ಟು ಬಿಸಿಯಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಗುತ್ತದೆ. ಹಸಿ ಸೋಯಾದಲ್ಲಿ ನಮ್ಮ ಹೊಟ್ಟೆ ಪ್ರೋಟೀನನ್ನು ಅರಗಿಸದ ಹಾಗೆ ತಡೆಯುವ ಪದಾರ್ಥ ಇರುತ್ತದೆ. ಅದು ಬಿಸಿಗೆ ಬಹುಮಟ್ಟಿಗೆ ನಾಶವಾಗುತ್ತದೆ. ಹಸಿ ವಾಸನೆಯೂ ಸ್ವಲ್ಪ ಹಬೆಯ ಜೊತೆ ಹೋಗುತ್ತದೆ.

ಬಹಳ ಜನ ಈ ಎಳೆಗಳು ಶಾವಿಗೆ ಒರಳಿನ ಹಾಗೆ ಸಣ್ಣ ಸಣ್ಣ ತೂತುಗಳಿಂದ ಬರುತ್ತವೆ ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮ ಯಂತ್ರದ ಬಾಯಿ ಬೆರಳು ತೂರುವಷ್ಟು ದೊಡ್ಡದು. ಎಳೆ ಹುಟ್ಟುವುದು ಒಳಗಿನ ಹರಿವಿನಲ್ಲಿ. ಆದರೆ ಶಾವಿಗೆಯ ಹಾಗೆ ಮಾಡುವ ವಿಧಾನವೂ ಒಂದು ಕಾಲಕ್ಕೆ ಇತ್ತು. ಅಮೆರಿಕದಲ್ಲಿ ಕಾರು ಮಾಡುತ್ತಿದ್ದ ಹೆನ್ರಿ ಫೋರ್ಡ್ ಅವರ ಹತ್ತಿರ ರಾಬರ್ಟ್ ಬಾಯರ್ ಎಂಬ ರಸಾಯನಶಾಸ್ತ್ರಜ್ಞ ಕೆಲಸ ಮಾಡುತ್ತಿದ್ದರು. ಅವರು ಸೋಯಾ ಪ್ರೋಟೀನಿನಿಂದ ಬಟ್ಟೆಯ ನೂಲು ತೆಗೆಯುತ್ತಿದ್ದರು. ಆಮೇಲೆ ಅದೇ ರೀತಿ ತಿನ್ನುವ ಎಳೆ ಮಾಡಬಹುದಲ್ಲ ಅಂತ ಯೋಚಿಸಿದರು. ಪ್ರೋಟೀನನ್ನು ಕ್ಷಾರದಲ್ಲಿ ಕರಗಿಸಿ, ಕೂದಲೆಳೆಯಂಥ ತೂತುಗಳ ಮೂಲಕ ಹುಳಿನೀರಿಗೆ ಬಿಟ್ಟರೆ ದಾರವಾಗಿ ಗಟ್ಟಿಯಾಗುತ್ತದೆ. ಇದಕ್ಕೆ 1954ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಚೆನ್ನಾಗಿತ್ತು, ಆದರೆ ಖರ್ಚು ಜಾಸ್ತಿ, ತೊಳೆಯುವ ಕೆಲಸ ಜಾಸ್ತಿ. ಆಮೇಲೆ ಅಮೆರಿಕದಲ್ಲೇ ತಿರುಪಿನ ಯಂತ್ರದ ದಾರಿ ಸಿಕ್ಕಿತು. ಹಿಟ್ಟು, ನೀರು, ಬಿಸಿ, ಒತ್ತಡ ಇಷ್ಟೇ ಸಾಕು. ಬಡವರ ಮನೆಗೂ ಪ್ರೋಟೀನ್ ಮುಟ್ಟುವಂತಾಗಿದ್ದು ಈ ಎರಡನೇ ದಾರಿಯಿಂದ. ಹುಡುಗಿಯರು ತಟ್ಟೆಯ ಅಂಚಿಗೆ ಸರಿಸಿದ ಆ ತುಂಡಿನ ಹಿಂದೆ ಇಷ್ಟು ಜನರ ತಲೆ ಓಡಿದೆ.

ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಸ್ಯದ ಮಾಂಸ ಅಂತ ತಣ್ಣನೆ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಅದು ಇದರದೇ ತಮ್ಮ. ಕೆಲಸ ಬಿಡುವ ಒಂದು ವರ್ಷ ಮೊದಲು ಬೆಂಗಳೂರಿನಲ್ಲಿ ಯಂತ್ರಗಳ ಪ್ರದರ್ಶನವೊಂದರಲ್ಲಿ ಅಂಥದ್ದೊಂದನ್ನು ನೋಡಿದೆ. ಅಲ್ಲಿ ನೀರು ಅರ್ಧಕ್ಕಿಂತ ಜಾಸ್ತಿ ಹಾಕುತ್ತಾರೆ. ಬಾಯಿಗೆ ಉದ್ದನೆಯ ಇನ್ನೊಂದು ಕೊಳವೆ ಜೋಡಿಸಿ ಸುತ್ತಲೂ ತಣ್ಣೀರು ಹರಿಸುತ್ತಾರೆ. ಆದ್ದರಿಂದ ಹಬೆ ಸಿಡಿಯುವುದಿಲ್ಲ, ಉಬ್ಬುವುದಿಲ್ಲ. ಗೋಡೆ ಹತ್ತಿರದ್ದು ತಣ್ಣಗಾಗಿ ನಿಧಾನ, ನಡುವಿನದು ಬಿಸಿ ಇದ್ದು ಜೋರು. ಹೀಗೆ ಎಳೆದಾಡಿದಾಗ ಪದರ ಪದರವಾಗಿ ಎಳೆ ಕಟ್ಟುತ್ತದೆ. ಅಲ್ಲಿಯವರು ಒಂದು ತುಂಡು ಹರಿದು ತೋರಿಸಿದರು. ಎಳೆಗಳು ಬಾಣದ ತುದಿಯ ಹಾಗೆ ನಡುವಿನಲ್ಲಿ ಮುಂದಕ್ಕೆ ಚಾಚಿದ್ದವು. ಹರಿವು ಹೇಗೆ ನಡೆಯಿತು ಅನ್ನುವುದು ಆ ತುಂಡಿನಲ್ಲೇ ಅಚ್ಚಾಗಿ ಕೂತಿತ್ತು. ನಾನು ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದು ನಿಂತೆ. ಇಷ್ಟು ವರ್ಷ ಕಬ್ಬಿಣದ ಒಳಗೆ ನಡೆಯುತ್ತದೆ ಅಂತ ಕೇಳಿದ್ದನ್ನು ಅವತ್ತು ಕಣ್ಣಾರೆ ಕಂಡೆ.

ವಡಿ ಮಾಡಿದವನು ಅಂತ ಅದನ್ನು ಸುಮ್ನೆ ಹೊಗಳಲು ನನಗೆ ಇಷ್ಟವಿಲ್ಲ. ಸರಿಯಾಗಬೇಕಾದದ್ದು ಒಂದಿದೆ. ಪ್ಯಾಕೆಟ್ ಮೇಲೆ ದೊಡ್ಡ ಅಕ್ಷರದಲ್ಲಿ ನೂರು ಗ್ರಾಂಗೆ 52 ಗ್ರಾಂ ಪ್ರೋಟೀನ್ ಅಂತ ಇರುತ್ತದೆ. ಸುಳ್ಳಲ್ಲ. ಆದರೆ ಅದು ಒಣ ವಡಿಯ ಲೆಕ್ಕ. ಒಣ ವಡಿಯನ್ನು ಯಾರು ತಿನ್ನುತ್ತಾರೆ? ನೂರು ಗ್ರಾಂ ವಡಿ ನೆನೆಸಿ ಹಿಂಡಿದರೆ ಸುಮಾರು ಮುನ್ನೂರು ಗ್ರಾಂ ಆಗುತ್ತದೆ. ಹೆಚ್ಚಾಗಿದ್ದು ಬರೀ ನೀರು. ಅಂದರೆ ತಟ್ಟೆಗೆ ಬಿದ್ದ ನೂರು ಗ್ರಾಂನಲ್ಲಿ ಇರುವುದು ಹದಿನೇಳು ಗ್ರಾಂನಷ್ಟು. ಅದೂ ಕಡಿಮೆಯಲ್ಲ. ನೂರು ಗ್ರಾಂ ಮೊಟ್ಟೆಯಲ್ಲಿ ಹದಿಮೂರರ ಹತ್ತಿರ ಇರುತ್ತದೆ. ಹೀಗಿರುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳಲು ಏನು ಕಷ್ಟ? ಮಾಂಸಕ್ಕಿಂತ ಎರಡು ಪಟ್ಟು ಅಂತ ನಂಬಿ ನಾಲ್ಕು ವಡಿ ತಿಂದು ಸಾಕು ಅಂದುಕೊಳ್ಳುವವರೂ ಇದ್ದಾರೆ. ಅಮೆರಿಕದಲ್ಲಿ 1971ರಲ್ಲಿ ಶಾಲೆಯ ಊಟದಲ್ಲಿ ಮಾಂಸದ ಜೊತೆ ಇದನ್ನು ಬೆರೆಸಲು ಸರ್ಕಾರ ಒಪ್ಪಿತು. ನೂರರಲ್ಲಿ ಮೂವತ್ತು ಭಾಗದ ತನಕ ಬೆರೆಸಬಹುದು ಅಂತ ಮಿತಿ ಇಟ್ಟಿತು. ಆ ಮೂವತ್ತು ಭಾಗ ನೆನೆಸಿದ ಮೇಲಿನ ತೂಕ. ಐವತ್ತು ವರ್ಷದ ಹಿಂದೆಯೇ ಅಲ್ಲಿ ತಟ್ಟೆಯ ಲೆಕ್ಕ ಹಾಕಿದ್ದರು. ನಮ್ಮ ಪ್ಯಾಕೆಟ್‌ಗಳ ಮೇಲೂ ಒಣ ಅಂಕಿಯ ಪಕ್ಕದಲ್ಲಿ ನೆನೆಸಿದ ಅಂಕಿ ಇರಲಿ.

ಇನ್ನೊಂದು ಮಾತು. ನನ್ನ ಹೆಂಡತಿಗೆ ಥೈರಾಯ್ಡ್ ಇದೆ. ಬೆಳಿಗ್ಗೆ ಮಾತ್ರೆ ತಗೊಂಡ ಹೊತ್ತಿನಲ್ಲಿ ಸೋಯಾ ತಿನ್ನಬೇಡಿ, ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಮಧ್ಯಾಹ್ನ ಅಥವಾ ರಾತ್ರಿ ತಿನ್ನುತ್ತಾಳೆ. ಸೋಯಾ ತಿಂದರೆ ಮೈಗೆ ಒಗ್ಗದವರೂ ಕೆಲವರಿದ್ದಾರೆ, ಶೇಂಗಾ ಒಗ್ಗದವರಿರುವ ಹಾಗೆ. ಅಂಥವರು ಬಿಡಬೇಕು. ಪ್ಯಾಕೆಟ್‌ನಲ್ಲಿ ಇಂಥ ಮಾತೂ ದೊಡ್ಡ ಅಕ್ಷರದಲ್ಲಿ ಇರಬೇಕು.

ಹಾಸ್ಟೆಲ್ ಅಡುಗೆಯವರ ಬಗ್ಗೆಯೂ ಬರೆಯಲೇಬೇಕು. ಮೊಮ್ಮಗಳನ್ನು ಬಿಡಿಸಿ ಕೇಳಿದೆ. ವಡಿಯನ್ನು ತೊಳೆಯದೆ, ನೆನೆಸದೆ, ಸೀದಾ ಕುದಿಯುವ ಸಾರಿಗೆ ಸುರಿಯುತ್ತಿದ್ದರಂತೆ. ಹಾಗೆ ಮಾಡಿದರೆ ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಹಸಿ ವಾಸನೆ ಹಾಗೇ ಉಳಿಯುತ್ತದೆ. ಅಗಿದರೆ ಜಗ್ಗುತ್ತದೆ. ಹೀಗೆ ತಿಂದ ಹುಡುಗಿಗೆ ಯಾರಾದರೂ ಪ್ಲಾಸ್ಟಿಕ್ ಅಂತ ಹೇಳಿದರೆ ಅವಳು ನಂಬುತ್ತಾಳೆ. ವಿಡಿಯೋ ಬರುವ ಮೊದಲೇ ಅವಳ ಹಲ್ಲಿಗೆ ಆ ಅನುಮಾನ ಬಂದಿತ್ತು.

ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ. ನೀರಿಗೆ ಉಪ್ಪು ಹಾಕಿ ಕುದಿಸಿ, ವಡಿ ಹಾಕಿ ಐದು ನಿಮಿಷ ಬೇಯಿಸಿ, ಮುಚ್ಚಿ ಹದಿನೈದು ನಿಮಿಷ ಬಿಡುತ್ತೇವೆ. ಆ ನೀರು ಚೆಲ್ಲಿ, ಎರಡು ಸಲ ತಣ್ಣೀರಿನಲ್ಲಿ ತೊಳೆದು, ಪ್ರತಿ ಸಲವೂ ಅಂಗೈಯಲ್ಲಿ ಗಟ್ಟಿಯಾಗಿ ಹಿಂಡುತ್ತೇವೆ. ಈ ಹಿಂಡುವುದೇ ಮುಖ್ಯ. ನೀರಿನ ಜೊತೆ ಹಸಿ ವಾಸನೆ ಹೋಗುತ್ತದೆ. ಹೊಟ್ಟೆ ಉಬ್ಬರಿಸುವ ಸಕ್ಕರೆ ಅಂಶವೂ ಸ್ವಲ್ಪ ಹೋಗುತ್ತದೆ. ಹಿಂಡಿದ ವಡಿ ಸ್ಪಂಜಿನ ಹಾಗೆ ಖಾಲಿ ಇರುತ್ತದೆ. ಈಗ ಅದನ್ನು ಈರುಳ್ಳಿ, ಬೆಳ್ಳುಳ್ಳಿ, ಖಾರ, ಶೇಂಗಾ ಪುಡಿ ಹಾಕಿದ ಒಗ್ಗರಣೆಗೆ ಬಿಟ್ಟರೆ ಆ ರಸವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಬಿಸಿ ಜೋಳದ ರೊಟ್ಟಿಯ ಜೊತೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಇದೇ ಊಟ. ಅನ್ನದ ಜೊತೆಗೂ ಒಳ್ಳೆಯ ಜೋಡಿ. ಅನ್ನದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಸೋಯಾದಲ್ಲಿ ಚೆನ್ನಾಗಿದೆ. ಸೋಯಾದಲ್ಲಿ ಸ್ವಲ್ಪ ಕಡಿಮೆ ಇರುವ ಮೆಥಿಯೊನಿನ್ ಎಂಬ ಇನ್ನೊಂದು ಅಂಶ ಅನ್ನದಿಂದ ಬರುತ್ತದೆ. ತೊಗರಿ ಬೇಳೆಗೂ ಅನ್ನಕ್ಕೂ ಇರುವ ಸಂಬಂಧವೇ ಇದು. ಎಳೆ ಇದೆ ಅಂತ ಇದು ಬೇರೆ ಲೋಕದ ಪದಾರ್ಥವಲ್ಲ, ಕಾಳೇ.

ನನ್ನ ಚಿಂತೆ ಆ ಹುಡುಗಿಯರದು. ದೊಡ್ಡವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ನಮ್ಮ ದೇಶದ ಪೌಷ್ಟಿಕತೆಯ ಲೆಕ್ಕ ಹೇಳುತ್ತದೆ. 45 ಕಿಲೋ ಇದ್ದರೆ 37 ಗ್ರಾಂ. ಬೆಳೆಯುವ ವಯಸ್ಸಿಗೆ ಸ್ವಲ್ಪ ಜಾಸ್ತಿಯೇ ಬೇಕು. ಬುಧವಾರ ಒಬ್ಬರಿಗೆ ಇಪ್ಪತ್ತು ಗ್ರಾಂ ಒಣ ವಡಿ ಹಾಕಿದ್ದರೆ ಹತ್ತು ಗ್ರಾಂ ಪ್ರೋಟೀನ್ ಸಿಗುತ್ತಿತ್ತು, ಒಂದೂವರೆ ಮೊಟ್ಟೆಯಷ್ಟು. ಮೊಟ್ಟೆ ತಿನ್ನದ ಮಕ್ಕಳೂ ಅಲ್ಲಿದ್ದಾರೆ. ಆಲೂಗಡ್ಡೆ ಪಲ್ಯದಿಂದ ಎರಡು ಗ್ರಾಂ ಬಂದರೆ ಹೆಚ್ಚು. ಯಾರೋ ಮೊಬೈಲ್‌ನಲ್ಲಿ ಒಂದು ನಿಮಿಷ ಆಡಿದ ಆಟಕ್ಕೆ ಆ ಹತ್ತು ಗ್ರಾಂ ಹೋಯಿತು. ಇದು ನನಗೆ ಸಹಿಸಲು ಆಗುತ್ತಿಲ್ಲ.

ನಮ್ಮ ಜಿಲ್ಲೆಯಲ್ಲಿ ಮುಂಗಾರು ಬಂದರೆ ಎಲ್ಲಿ ನೋಡಿದರೂ ಸೋಯಾಬೀನ್. ನಮ್ಮ ಮನೆಯ ಮೂರು ಎಕರೆಯಲ್ಲೂ ಅದೇ. ಕಾಳು ಮಂಡಿಗೆ ಹೋಗುತ್ತದೆ, ಅಲ್ಲಿಂದ ಲಾರಿ ಹತ್ತುತ್ತದೆ. ಬೆಳೆದವರ ಮಕ್ಕಳೇ ಅದನ್ನು ಪ್ಲಾಸ್ಟಿಕ್ ಅಂತ ಬಿಡುವಂತಾಗಬಾರದು. ಇದೇ ರಾಜ್ಯದ ಮೈಸೂರಿನಲ್ಲಿ 1950ರಿಂದ ಕೇಂದ್ರ ಆಹಾರ ಸಂಶೋಧನಾಲಯ ಇದೆ. ಶೇಂಗಾ ಹಿಂಡಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಬಡ ಮಕ್ಕಳಿಗೆ ಪೌಷ್ಟಿಕ ಆಹಾರ ಮಾಡಿದ ಜಾಗ ಅದು. ಎಣ್ಣೆ ತೆಗೆದ ಹಿಂಡಿ ದನಕ್ಕೆ ಮಾತ್ರ ಅನ್ನುವ ಮಾತನ್ನು ಅಲ್ಲಿಯವರು ಅಷ್ಟು ಹಿಂದೆಯೇ ಒಪ್ಪಲಿಲ್ಲ. ಅಲ್ಲಿಯ ವಿಜ್ಞಾನಿಗಳು ನಿಮ್ಮ ಪತ್ರಿಕೆಯಲ್ಲಿ ವಡಿಯ ಬಗ್ಗೆ ಸುಲಭ ಕನ್ನಡದಲ್ಲಿ ಒಂದು ಲೇಖನ ಬರೆದರೆ ನನ್ನಂಥವನ ಮಾತಿಗಿಂತ ಜಾಸ್ತಿ ತೂಕ ಇರುತ್ತದೆ. ನೀವು ಕೇಳಿದರೆ ಅವರು ಖಂಡಿತ ಬರೆಯುತ್ತಾರೆ.

ಕಂಪನಿಯವರಿಗೂ ಒಂದು ವಿನಂತಿ. ಪ್ಯಾಕೆಟ್ ಹಿಂದೆ ಅಡುಗೆಯ ಬಣ್ಣದ ಚಿತ್ರ ಹಾಕುತ್ತೀರಿ. ಅದರ ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಇದು ಎಣ್ಣೆ ತೆಗೆದ ಸೋಯಾ ಹಿಟ್ಟು, ನೀರು ಬೆರೆಸಿ ಬಿಸಿ ಮತ್ತು ಒತ್ತಡದಲ್ಲಿ ಎಳೆ ಬರಿಸಿದ್ದೇವೆ, ಹೀಗೆ ನೆನೆಸಿ, ಹೀಗೆ ಹಿಂಡಿ ಅಂತ. ಮಾಡುವ ರೀತಿಯನ್ನು ನಾವೇ ಹೇಳದಿದ್ದರೆ ಬೇರೆ ಯಾರೋ ತಮಗೆ ತೋಚಿದ್ದು ಹೇಳುತ್ತಾರೆ.

ಕಳೆದ ಭಾನುವಾರ ನಾನೇ ಹಾಸ್ಟೆಲ್‌ಗೆ ಹೋಗಿದ್ದೆ. ವಾರ್ಡನ್ ಮೇಡಂ ಒಳ್ಳೆಯವರು, ಕೂರಿಸಿ ಚಹಾ ಕೊಟ್ಟು ಮಾತು ಕೇಳಿದರು. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ನಾನು ಕೇಳಿದ್ದು ಅರ್ಧ ಗಂಟೆ ಮಾತ್ರ. ಒಂದು ಒಲೆ, ಒಂದು ಪಾತ್ರೆ, ಒಂದು ಹಿಡಿ ಗೋಧಿ ಹಿಟ್ಟು, ಅರ್ಧ ಕಿಲೋ ವಡಿ. ಹಿಟ್ಟು ತೊಳೆಯುವುದನ್ನು ಹುಡುಗಿಯರ ಕೈಯಲ್ಲೇ ಮಾಡಿಸುತ್ತೇನೆ. ವಡಿ ಸುಡುವುದನ್ನೂ ಅವರೇ ಮಾಡಲಿ, ಹಾಲಿನ ಪಾಕೀಟಿನ ತುಂಡನ್ನೂ ಅವರೇ ಸುಡಲಿ. ಆಮೇಲೆ ಅಡುಗೆಯವರ ಜೊತೆ ನಿಂತು ನಾನೇ ಪಲ್ಯ ಮಾಡುತ್ತೇನೆ. ಹೊರಡುವಾಗ ಮೊಮ್ಮಗಳು ಗೇಟಿನ ತನಕ ಬಂದಳು. "ನೀ ಮಾಡಿದ್ರ ನಾ ಮೊದಲ್ ತಿಂತೀನಿ ಮುತ್ಯಾ, ಅವರೂ ನೋಡಿ ತಿಂತಾರ" ಅಂದಳು. ಬೇರೆ ಹಾಸ್ಟೆಲ್‌ಗಳವರು ಕರೆದರೂ ಬರುತ್ತೇನೆ. ಬೀದರ್, ಕಲಬುರಗಿ ಜಿಲ್ಲೆಯಾದರೆ ಬಸ್ಸಿನಲ್ಲಿ ನನ್ನ ಖರ್ಚಿನಲ್ಲೇ ಬರುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಎಕ್ಸ್‌ಟ್ರೂಡರ್ ಆಪರೇಟರ್,
ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ